ಚೆಂದನ್ನ ವಿಮಾನ ಬ್ಯಾಡ, ಅರ್ಧ ತಾಸಿನ್ಯಾಗ ಏರೂ ವಿಮಾನ ಬೇಕು

ಭಾಳ ವರ್ಷದ ಮ್ಯಾಲೆ ಫ್ಲೈಟ್ ಸಿಮ್ಯುಲೇಟರ್ ಕಡೆ ತಿರುಗಿ ಬರೂ ಹೆಣ್ಮಗಳು "ಈಗ ಯಾವ್ದು ತಗೋಲಿ?" ಅಂತ ಕೇಳಿದ ಕೂಡ್ಲೆ ಎಲ್ಲಾರೂ ಆಕಿ ಮುಂದ ಚಿತ್ರ ಹಿಡೀತಾರ. ಮೋಡ ನೋಡ್ರಿ, ಸಮುದ್ರದ ಮ್ಯಾಲಿನ ಬಿಸಲು ನೋಡ್ರಿ, ನಿಮ್ಮ ಮನಿ ಛಾವಣಿ ಸುದ್ದಾ ಕಾಣ್ತದ ನೋಡ್ರಿ ಅಂತಾರ. ಆದ್ರ ಕೇಳಬೇಕಾದ ಮೊದಲನೇ ಪ್ರಶ್ನಿ ಒಬ್ಬರೂ ಕೇಳೂದಿಲ್ಲ: "ನಿಮಗ ದಿನಕ್ಕ ಎಷ್ಟು ಹೊತ್ತು ಸಿಗ್ತದ್ರಿ?"

ನನ್ನ ವಾದ ಇಷ್ಟ. ಸಿಮ್ಯುಲೇಟರ್ ಆರಸೂದು ಕಣ್ಣಿನಿಂದ ಅಲ್ಲ, ಗಡಿಯಾರದಿಂದ. ಮಧ್ಯಾಹ್ನ ಊಟದ ಭಾಂಡಿ ಮುಗದು, ಸಂಜಿ ಚಹಾಕ್ಕ ಒಲಿ ಹಚ್ಚೂದರೊಳಗ ನಮಗ ಸಿಗೂ ಅರ್ಧ ತಾಸಿನ್ಯಾಗ ಯಾವ ಸಿಮ್ಯುಲೇಟರ್ ನಮ್ಮನ್ನ ನೆಲದಿಂದ ಮ್ಯಾಲೆತ್ತಿ ತಿರುಗಿ ಇಳಸ್ತದೋ, ಅದು ಒಳ್ಳೇದು. ಅರ್ಧ ತಾಸನ್ನ ತಾನೇ ತಿಂದು, ನಮ್ಮನ್ನ ಖುರ್ಚಿ ಮ್ಯಾಲೆ ಹಂಗ ಕೂಡಸೂದು ಎಷ್ಟ ಚೆಂದಿದ್ರೂ ನಮ್ಮದಲ್ಲ.

ಓಣ್ಯಾಗ ಕೆಲವರಿಗೆ ಇದೇನು ಅಂತ ಗೊತ್ತಿರ್ಲಿಕ್ಕಿಲ್ಲ. "ಅದು ಹುಡುಗ್ರ ಆಟ ಅಲ್ಲೇನ್ರಿ ವೈನಿ?" ಅಂತ ಕೇಳೂರೂ ಇದ್ದಾರ. ಫ್ಲೈಟ್ ಸಿಮ್ಯುಲೇಟರ್ ಅಂದ್ರ ಕಂಪ್ಯೂಟರಿನೊಳಗ ಖರೇ ವಿಮಾನದ ಹಂಗ ನಡಿಯೂ ವಿಮಾನ. ಇದ್ರಾಗ ಶತ್ರು ಇಲ್ಲ, ಗುಂಡು ಇಲ್ಲ, ಅಂಕ ಇಲ್ಲ. ಎಂಜಿನ್ ಚಾಲೂ ಮಾಡಬೇಕು, ಗಾಳಿ ಯಾವ ಕಡೆಯಿಂದ ಬೀಸ್ತದ ನೋಡಬೇಕು, ಏರಸಬೇಕು, ತಿರುಗಸಬೇಕು, ಕಡೀಕೆ ರನ್‌ವೇ ಮ್ಯಾಲೆ ನೆಟ್ಟಗ ಇಳಸಬೇಕು. ಎಲ್ಲಾ ಲೆಕ್ಕ ಖರೇ ವಿಮಾನದ್ದ.

ಇದರ ಮೂಲಾನೂ ಹುಡುಗ್ರ ಆಟಿಗಿ ಅಲ್ಲ. ಅಮೆರಿಕಾದ ಎಡ್ವಿನ್ ಲಿಂಕ್ ಅನ್ನೂವಾ 1929ರಾಗ ಮೊದಲನೇ ತಾಲೀಮಿನ ವಿಮಾನ ಮಾಡಿದ. ಅವರಪ್ಪಂದು ಪಿಯಾನೊ ಮತ್ತ ಆರ್ಗನ್ ಮಾಡೂ ಕಾರಖಾನೆ. ಆರ್ಗನ್‌ದೊಳಗಿನ ತಿದಿ, ಕವಾಟ, ಗಾಳಿ ಪಂಪು ಇವನ್ನ ತಗೊಂಡು, ಒಂದು ಸಣ್ಣ ಮರದ ವಿಮಾನದ ಕೆಳಗ ಕೂಡಿಸಿ, ಕೋಲು ಎಳದ ಹಂಗ ಅದು ಓಲಾಡೂ ಹಂಗ ಮಾಡಿದ. ನಮ್ಮ ಧಾರವಾಡದಾಗ ಮನಿಗೊಂದು ಹಾರ್ಮೋನಿಯಂ ಅದ; ಅದರ ತಿದಿ ಒತ್ತಿದವರಿಗೆ ಈ ಯಂತ್ರ ಹೆಂಗ ಉಸರಾಡ್ತಿತ್ತು ಅಂತ ತಿಳಿಸಿ ಹೇಳೂದು ಬ್ಯಾಡ. ಎರಡನೇ ಮಹಾಯುದ್ಧದಾಗ ಲಕ್ಷಗಟ್ಟಲೆ ಪೈಲಟ್‌ರು ಇದೇ ಪೆಟ್ಟಿಗ್ಯಾಗ ಕೂತು, ಹೊರಗ ಏನೂ ಕಾಣದ, ಬರೇ ಮುಳ್ಳು ನೋಡಿ ಹಾರಸೂದು ಕಲತರು. ಗಮನಿಸ್ರಿ, ಅದರಾಗ ಚಿತ್ರಾನ ಇರ್ಲಿಲ್ಲ. ಮೋಡ ಇಲ್ಲ, ಸಮುದ್ರ ಇಲ್ಲ. ಆದ್ರೂ ಹಾರಾಟ ಕಲಸ್ತು.

ನಾನು ಈ ಹವ್ಯಾಸ ಬಿಟ್ಟಾಗ ಜಗತ್ತು ಬ್ಯಾರೆ ಇತ್ತು. ಅಣ್ಣನ ಕಂಪ್ಯೂಟರಿನ್ಯಾಗ ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್‌ನ 2002ರ ಆವೃತ್ತಿ ಇತ್ತು. ಬ್ರೂಸ್ ಆರ್ಟ್‌ವಿಕ್ ಅನ್ನೂವರು 1979ರಾಗ ಆಪಲ್ ಯಂತ್ರಕ್ಕ ಬರದ ಸಿಮ್ಯುಲೇಟರ್‌ದ ವಂಶ ಅದು. 1982ರಾಗ ಮೈಕ್ರೋಸಾಫ್ಟ್ ಹೆಸರಿನ್ಯಾಗ ಹೊರಗ ಬಂತು. ಚಾಲೂ ಮಾಡಿದ್ರ ವಿಮಾನ ಶಿಕಾಗೋದ ಸರೋವರದ ದಂಡಿ ಮ್ಯಾಲಿನ ಮೇಗ್ಸ್ ಫೀಲ್ಡ್ ಅನ್ನೂ ಪುಟ್ಟ ನಿಲ್ದಾಣದಾಗ ನಿಂತಿರ್ತಿತ್ತು. ಶಿಕಾಗೋ ಎಂದೂ ನೋಡದ ನಮ್ಮಂಥವರಿಗೆ ಆ ಒಂದ ರನ್‌ವೇ ತವರುಮನಿ ಕಟ್ಟಿ ಇದ್ದ ಹಂಗ. ಆಮ್ಯಾಲೆ ಮದುವಿ ಆತು, ಮಕ್ಕಳಾದ್ರು, ಅತ್ತಿಯವರ ಔಷಧಿ, ಮಾವನವರ ಪಥ್ಯ, ಮಕ್ಕಳ ಪರೀಕ್ಷಾ. ಹದಿನೈದು ವರ್ಷದ ಮ್ಯಾಲಾತು.

ಅಷ್ಟರಾಗ ಏನೇನಾತು ಕೇಳ್ರಿ. ಆ ಮೇಗ್ಸ್ ಫೀಲ್ಡ್ ಈಗಿಲ್ಲ. 2003ರ ಮಾರ್ಚ್ ಕಡೀಕೆ ಒಂದು ರಾತ್ರಿ ಅಲ್ಲಿನ ಮೇಯರ್ ಬುಲ್ಡೋಜರ್ ಕಳಿಸಿ, ರನ್‌ವೇ ಮ್ಯಾಲೆ ದೊಡ್ಡ ದೊಡ್ಡ ಕಾಟು ಹೊಡೆದ ಹಂಗ ಅಗಿಸಿಬಿಟ್ಟ. ಈಗ ಅದು ಉದ್ಯಾನ. ಮೈಕ್ರೋಸಾಫ್ಟ್‌ನವರು 2006ರಾಗ ಫ್ಲೈಟ್ ಸಿಮ್ಯುಲೇಟರ್ ಎಕ್ಸ್ ಅನ್ನೂದು ತಂದ್ರು, 2009ರಾಗ ಅದನ್ನ ಮಾಡಿದ ತಂಡಾನ ಮುಚ್ಚಿದ್ರು. 2012ರ ಫೆಬ್ರುವರಿಯೊಳಗ ಮೈಕ್ರೋಸಾಫ್ಟ್ ಫ್ಲೈಟ್ ಅಂತ ಹೊಸದೊಂದು ತಂದ್ರು, ಆ ವರ್ಷದ ಜುಲೈ ಅನ್ನೂದರಾಗ ಅದರ ಕೆಲಸಾನೂ ನಿಲ್ಲಿಸಿದ್ರು. ಕಡೀಕೆ 2020ರ ಆಗಸ್ಟ್‌ನ್ಯಾಗ ಫ್ರಾನ್ಸಿನ ಅಸೋಬೊ ಅನ್ನೂ ಸಂಸ್ಥೆ ಕೈಲೆ ಭಾರೀ ದೊಡ್ಡದೊಂದು ಮಾಡಿಸಿ ತಂದ್ರು, ನಾಲ್ಕ ವರ್ಷಕ್ಕ 2024ರ ನವೆಂಬರ್‌ದಾಗ ಅದರ ತಂಗಿ ಬಂತು.

ಈ ವಂಶಾವಳಿ ಯಾಕ ಹೇಳಿದೆ ಅಂದ್ರ, "ಹೊಸಾದು, ದೊಡ್ಡದು ತಗೊಂಡ್ರ ಮುಂದ ಹತ್ತು ವರ್ಷ ಚಿಂತಿ ಇಲ್ಲ" ಅಂತ ಹೇಳೂ ಮೈದುನಂದಿರು, ಅಳಿಯಂದಿರು ಎಲ್ಲಾರ ಮನ್ಯಾಗೂ ಇದ್ದಾರ. ಹತ್ತು ವರ್ಷದ ಮಾತು ಈ ಧಂದೆದಾಗ ಯಾರೂ ಕೊಡೂಹಂಗಿಲ್ಲ. ದೊಡ್ಡ ಕಂಪನಿ ಅಂತ ನಂಬೂದು ಒಂದು, ಅದು ನಮ್ಮ ಸಲುವಾಗಿ ಅಂಗಡಿ ತಗದಿರ್ತದ ಅಂತ ನಂಬೂದು ಇನ್ನೊಂದು.

ಈಗ ಚೆಂದದ ಮಾತಿಗೆ ಬರ್ತೀನಿ. 2020ರ ಸಿಮ್ಯುಲೇಟರ್ ಬಂದಾಗ ಅದರ ಹಿಂದಿನ ಭೂಪಟದ ಮಾಹಿತಿ ಎರಡು ಪೆಟಾಬೈಟ್ ಅಂತ ಹೇಳಿದ್ರು. ಅಂದ್ರ 20 ಲಕ್ಷ ಗಿಗಾಬೈಟ್. ನಮ್ಮ ಮನ್ಯಾಗಿನ ಲ್ಯಾಪ್‌ಟಾಪಿನಂಥವು ಸಾವಿರಾರು ಬೇಕು ಅಷ್ಟು ತುಂಬಲಿಕ್ಕೆ. ಅದಕ್ಕ ಆ ಭೂಮಿ ನಮ್ಮ ಮನಿಗೆ ಬರೂದಿಲ್ಲ. ಕಂಪನಿಯವರ ಯಂತ್ರದಾಗ ಇರ್ತದ, ನಾವು ಹಾರಿದ ಹಂಗ ನೆಟ್‌ನ್ಯಾಗ ತುಣುಕು ತುಣುಕು ಬರ್ತದ. ಉಪಗ್ರಹದ ಚಿತ್ರ ನೋಡಿ ಯಂತ್ರಾನ ಮನಿ ಕಟ್ತದ, ಗಿಡ ನಡ್ತದ. ಮೆಲ್ಬೋರ್ನ್‌ದಾಗ ಏನಾಗಿತ್ತು ಅಂದ್ರ, ನಕಾಶಿಯೊಳಗ ಯಾರೋ ಒಬ್ಬರು ಒಂದು ಕಟ್ಟಡಕ್ಕ 2 ಮಹಡಿ ಅಂತ ಬರಿಯೂದು 212 ಅಂತ ಬರದಿದ್ರು. ಸಿಮ್ಯುಲೇಟರ್ ಪ್ರಾಮಾಣಿಕವಾಗಿ 212 ಮಹಡಿ ಎಬ್ಬಿಸಿ ನಿಲ್ಲಿಸಿತ್ತು. ಸಣ್ಣ ಸಣ್ಣ ಮನಿಗಳ ನಡುವ ಆಕಾಶಕ್ಕ ಮುಟ್ಟೂ ಕಂಬ! ಜಗತ್ತಿನ ಮಂದಿ ಎಲ್ಲಾ ಅದನ್ನ ಸುತ್ತು ಹಾಕ್ಲಿಕ್ಕೆ ಹೋದ್ರು.

ನಗಬ್ಯಾಡ್ರಿ, ಅದ್ರಾಗ ಒಂದು ಪಾಠ ಅದ. ಮಂದಿ ಅಲ್ಲಿ ಹೋಗಿದ್ದು ನೋಡ್ಲಿಕ್ಕೆ, ಹಾರಲಿಕ್ಕಲ್ಲ. ಚೆಂದ ಅನ್ನೂದು ನಮ್ಮನ್ನ ಪೈಲಟ್ ಖುರ್ಚಿಯಿಂದ ಎಬ್ಬಿಸಿ ಕಿಟಕಿ ಖುರ್ಚಿಗೆ ಕೂಡಸ್ತದ. ಕಿಟಕಿ ಖುರ್ಚಿ ಬೇಕಿದ್ರ ಹುಬ್ಬಳ್ಳಿ ಗೋಕುಲ ರಸ್ತೆಗೆ ಹೋಗಿ ಟಿಕೀಟು ತಗಸಿದ್ರಾತು. ನಾವು ಬಂದದ್ದು ಹಾರಸಲಿಕ್ಕೆ.

ಹಾರಸೂದು ಅಂದ್ರ ಏನು? ಸಣ್ಣ ಸೆಸ್ನಾ 172 ವಿಮಾನ ಇಳಸೂದನ್ನ ತಗೋರಿ. ರನ್‌ವೇ ಕಡೆ ತಿರುಗಿದ ಮ್ಯಾಲೆ ವೇಗ ಸುಮಾರು 65 ನಾಟ್, ಅಂದ್ರ ತಾಸಿಗೆ 120 ಕಿಲೋಮೀಟರ್ ಹತ್ರ ಹತ್ರ. ರನ್‌ವೇ ಬಾಜೂಕ ನಾಲ್ಕು ದೀಪ ಇರ್ತಾವ. ನಾಲ್ಕೂ ಬಿಳಿ ಕಂಡ್ರ ನೀವು ಭಾಳ ಎತ್ತರ ಇದ್ದೀರಿ, ನಾಲ್ಕೂ ಕೆಂಪು ಕಂಡ್ರ ಭಾಳ ತಗ್ಗು. ಎರಡು ಬಿಳಿ, ಎರಡು ಕೆಂಪು ಇದ್ರ ಹಾದಿ ಬರೋಬ್ಬರಿ. ಮೂಗು ಎತ್ತಿದ್ರ ವೇಗ ಇಳೀತದ, ಇಳಿಸಿದ್ರ ಏರ್ತದ. ಎತ್ತರ ಬೇಕಾದ್ರ ಎಂಜಿನ್‌ಗೆ ಶಕ್ತಿ ಕೊಡಬೇಕು. ಹೊಸಬರಿಗೆಲ್ಲಾ ಇದು ಉಲ್ಟಾ ಅನಸ್ತದ. ಒಂದು ಕೈ ಹದ, ಇನ್ನೊಂದು ಕೈ ಉರಿ. ಹೋಳಿಗಿ ಲಟ್ಟಿಸಿ ಹಂಚಿಗೆ ಹಾಕೂರಿಗೆ ಇದನ್ನ ಯಾರೂ ಎರಡನೇ ಸರ್ತೆ ಹೇಳೂದು ಬೇಕಿಲ್ಲ. ಅಡ್ಡಗಾಳಿ ಬಂತಂದ್ರ ರೆಕ್ಕಿ ಒಂದು ಕಡೆ ಬಾಗಿಸಿ, ಬಾಲ ಇನ್ನೊಂದು ಕಡೆ ಒತ್ತಬೇಕು. ಈ ವಿದ್ಯಾಕ್ಕ ಎರಡು ಪೆಟಾಬೈಟ್ ಬೇಕಿಲ್ಲ. ಒಂದು ರನ್‌ವೇ, ನಾಲ್ಕು ದೀಪ, ಖರೇ ಗಾಳಿ ಲೆಕ್ಕ ಸಾಕು.

ಈಗ ಅರ್ಧ ತಾಸಿನ ಲೆಕ್ಕ ಹಾಕೂಣು. ಒಂದು ನಿಲ್ದಾಣದಿಂದ ಏರಿ, ಎಡಕ್ಕ ತಿರುಗಿ, ನೆಲದಿಂದ 1000 ಅಡಿ ಮ್ಯಾಲೆ ರನ್‌ವೇಗೆ ಸಮಾನಾಂತರ ಬಂದು, ಮತ್ತ ತಿರುಗಿ ಅದೇ ರನ್‌ವೇ ಮ್ಯಾಲೆ ಇಳಿಯೂದಕ್ಕ ಸರ್ಕಿಟ್ ಅಂತಾರ. ಖರೇ ಪೈಲಟ್‌ರು ಕಲಿಯೂದೂ ಇದರಿಂದನ. ಒಂದು ಸರ್ಕಿಟ್‌ಗೆ ಆರೇಳು ನಿಮಿಷ. ಲ್ಯಾಪ್‌ಟಾಪ್ ಚಾಲೂ ಆಗಿ ವಿಮಾನ ಮುಂದ ಬರಲಿಕ್ಕೆ ಐದು ನಿಮಿಷ ತಗೊಂಡ್ರೂ ಅರ್ಧ ತಾಸಿನ್ಯಾಗ ಮೂರು ಇಲ್ಲಾ ನಾಲ್ಕು ಸರ್ತೆ ಇಳೀಬಹುದು. ವಾರಕ್ಕ ಐದು ದಿನ ಅಂದ್ರ ಕಡಿಮಿ ಅಂದ್ರೂ ಹದಿನೈದು ಸರ್ತೆ. ತಿಂಗಳಿಗೆ ಅರವತ್ತು. ಅರವತ್ತು ಸರ್ತೆ ಇಳಿಸಿದ ಹೆಣ್ಮಗಳ ಕೈ ಮೊದಲಿನ ಕೈ ಅಲ್ಲ.

ಆದ್ರ ಅದೇ ಅರ್ಧ ತಾಸಿನ್ಯಾಗ ಸಿಮ್ಯುಲೇಟರ್ "ಹೊಸ ಅಪ್‌ಡೇಟ್ ಬಂದದ, ಅದನ್ನ ಇಳಸದ ಒಳಗ ಬಿಡೂದಿಲ್ಲ" ಅಂದ್ರ? ಹತ್ತು ಗಿಗಾಬೈಟ್ ಬರೂತನಕ ಗೆರಿ ಹರಿಯೂದು ನೋಡಿಕೋತ ಕೂಡಬೇಕು. ಅದು ಮುಗೀತು ಅನ್ನೂದರಾಗ ಲಾಗಿನ್, ಅದು ಮುಗೀತು ಅನ್ನೂದರಾಗ ಹಾಲಿನವಾ ಗಂಟಿ ಬಾರಸ್ತಾನ. ಒಂದೂ ಸರ್ತೆ ಏರದ ಲ್ಯಾಪ್‌ಟಾಪ್ ಮುಚ್ಚಬೇಕು. ಇಂಥಾ ಮಧ್ಯಾಹ್ನ ನಾಲ್ಕು ಕಳದವು ಅಂದ್ರ ಯಾವ ಹೆಣ್ಮಗಳಾದ್ರೂ "ನನಗಿದು ಆಗೂದಿಲ್ಲ ಬಿಡು" ಅಂತಾಳ. ಆಮ್ಯಾಲೆ ಮನಿಯವರು ಏನಂತಾರ? "ಹೆಣ್ಮಕ್ಕಳಿಗೆ ತಂತ್ರಜ್ಞಾನ ಹತ್ತೂದಿಲ್ಲ." ಅಲ್ರಿ, ತಂತ್ರಜ್ಞಾನ ಹತ್ತಿತ್ತು. ಹೊತ್ತು ಹತ್ತಲಿಲ್ಲ.

ನನಗ ಸಿಟ್ಟು ಬರೂದು ಇಲ್ಲೆ. ಈ ದೊಡ್ಡ ಸಿಮ್ಯುಲೇಟರ್‌ಗಳನ್ನ ಯಾರ ಹೊತ್ತು ಲೆಕ್ಕ ಹಾಕಿ ಮಾಡ್ಯಾರ? ಕೋಣಿ ಬಾಗಲಾ ಹಾಕ್ಕೊಂಡು ಮೂರು ತಾಸು ಕೂಡೂವರ ಹೊತ್ತು. ಅವರಿಗೆ ನಡುವ ಚಹಾ ಒಳಗ ಬರ್ತದ. ನಮ್ಮ ಹೊತ್ತು ಹಂಗಿಲ್ಲ. ಅದು ಚೂರು ಚೂರು ಇರ್ತದ, ಅದನ್ನೂ ಯಾರರ ಬಂದು ಕೇಳ್ತಾರ. ಕುಕ್ಕರ್ ಸೀಟಿ ಕೇಳ್ತದ, ಕೊರಿಯರ್ ಹುಡುಗ ಕೇಳ್ತಾನ, ಅತ್ತಿಯವರು ಮಾತ್ರಿ ಕೇಳ್ತಾರ. ಈ ಚೂರು ಹೊತ್ತಿನ್ಯಾಗ ನಡಿಯೂ ಹವ್ಯಾಸ ಅಷ್ಟ ನಮ್ಮ ಕೈಯಾಗ ಉಳೀತದ. ಹೊಲಿಗಿ ಯಾಕ ಉಳೀತು, ಕಸೂತಿ ಯಾಕ ಉಳೀತು? ಯಾವ ಗಳಿಗ್ಯಾಗ ಬೇಕಾದ್ರೂ ಸೂಜಿ ಚುಚ್ಚಿಟ್ಟು ಏಳಬಹುದು, ಬಂದು ಅದೇ ಎಳಿಯಿಂದ ಹಿಡೀಬಹುದು. ವಿಮಾನಾನೂ ಹಂಗ ಇರಬೇಕು. ಪಾಜ್ ಗುಂಡಿ ಒತ್ತಿದ್ರ ಆಕಾಶದಾಗ ನಿಲ್ಲಬೇಕು. ಬಂದು ಒತ್ತಿದ್ರ ಅಲ್ಲಿಂದನ ಹಾರಬೇಕು. ಅದಕ್ಕ ನಗೂವರು ನಗ್ಲಿ. "ಖರೇ ವಿಮಾನಕ್ಕ ಪಾಜ್ ಇರ್ತದೇನು?" ಅಂತಾರ. ಖರೇ ಪೈಲಟ್‌ಗೆ ಹಾಲುಕ್ಕೂದೂ ಇರೂದಿಲ್ಲ.

ಹೊತ್ತಿನ ಹಿಂದ ನೆಟ್ ಮತ್ತ ಕರೆಂಟಿನ ಮಾತು ಬರ್ತದ. 2024ರ ಮೈಕ್ರೋಸಾಫ್ಟ್ ಆವೃತ್ತಿಗೆ ಕಡಿಮಿ ಅಂದ್ರ 16 ಗಿಗಾಬೈಟ್ ಮೆಮರಿ ಬೇಕು, 32 ಇದ್ರ ಚೊಲೊ ಅಂತಾರ. ನೆಟ್ ವೇಗ ಕಡಿಮಿ ಅಂದ್ರ 10 ಎಂಬಿಪಿಎಸ್, ಶಿಫಾರಸು 50. ಅದು ಭೂಮಿ ಅಷ್ಟ ಅಲ್ಲ, ವಿಮಾನಗಳ ಭಾಗ ಸುದ್ದಾ ಬೇಕಾದಾಗ ನೆಟ್‌ನಿಂದನ ತರಸ್ಕೊಳ್ತದ. ಬಿಡುಗಡೆ ಆದ ದಿನ ಜಗತ್ತಿನ ಮಂದಿ ಒಮ್ಮೆಲೆ ಬಂದು, ಅವರ ಯಂತ್ರಗಳು ತಡಕೊಳ್ಳಲಾರದ ಎಷ್ಟೋ ಜನ ಒಳಗ ಹೋಗ್ಲಿಕ್ಕೇ ಆಗಲಿಲ್ಲ. ಮಧ್ಯಾಹ್ನ ಎರಡಕ್ಕ ಕರೆಂಟ್ ಹೋಗೂ ಊರಾಗ, ಮಕ್ಕಳ ಮೊಬೈಲಿನ ಹಾಟ್‌ಸ್ಪಾಟ್ ಮ್ಯಾಲೆ ಇಂಥಾದ್ದನ್ನ ನಡಸ್ತೀನಿ ಅನ್ನೂದು, ಟ್ಯಾಂಕರ್ ನೀರು ನಂಬಿ ತೆಂಗಿನ ತ್ವಾಟಾ ಮಾಡಿದ ಹಂಗ.

ಇನ್ನ ಒಂದು ಮಾತು. ಬಾಡಗಿ ಪಾತ್ರೆ ತಂದು ಮದುವಿ ಅಡಗಿ ಮಾಡಬಹುದು, ದಿನದ ಅಡಗಿ ಅಲ್ಲ. ಭೂಮಿ ಎಲ್ಲಾ ಕಂಪನಿಯವರ ಹತ್ರ ಇದ್ದು, ನಾವು ಕಿಟಕಿಯೊಳಗಿಂದ ನೋಡೂ ಸಿಮ್ಯುಲೇಟರ್ ಬಾಡಗಿ ಪಾತ್ರೆ ಇದ್ದಂಗ. ಅವರು ಎಂದರ ಅಂಗಡಿ ಮುಚ್ಚಿದ್ರು ಅಂದ್ರ, ನಾವು ರೊಕ್ಕ ಕೊಟ್ಟು ತಗೊಂಡದ್ದರಾಗ ಉಳಿಯೂದು ಎಷ್ಟು? 2006ರ ಹಳೇ ಎಕ್ಸ್ ಆವೃತ್ತಿ ಮಾಡಿದ ತಂಡ ಮುಚ್ಚಿ ಎಷ್ಟೋ ವರ್ಷ ಆದ್ರೂ ಅದು ಇಂದಿಗೂ ಮಂದಿ ಮನ್ಯಾಗ ಹಾರ್ತದ. ಯಾಕಂದ್ರ ಅದು ಡಿವಿಡಿಯೊಳಗ ಪೂರ್ತಿ ಮನಿಗೆ ಬಂದಿತ್ತು. ನಮ್ಮ ಕಪಾಟಿನ್ಯಾಗಿನ ಹಿತ್ತಾಳಿ ಪಾತ್ರೆ ಹಂಗ.

"ಹಂಗಾದ್ರ ಏನು ತಗೋಬೇಕು? ಬರೇ ಬೈದ್ರ ಆಗ್ತದೇನು?" ಅಂತ ನೀವು ಕೇಳೂದು ನ್ಯಾಯ ಅದ. ಹೇಳ್ತೀನಿ.

ಮೊದಲನೇದ್ದು ಫ್ಲೈಟ್‌ಗಿಯರ್. ಇದಕ್ಕ ಒಂದು ಪೈ ಕೊಡೂದು ಬೇಕಿಲ್ಲ. 1990ರ ದಶಕದಾಗ ಶುರು ಆಗಿ, ಇಲ್ಲಿತನಕ ಸ್ವಯಂಸೇವಕರೇ ಕೂಡಿ ಕಟ್ಟಿಕೋತ ಬಂದಾರ. ವಿಂಡೋಸ್, ಮ್ಯಾಕ್, ಲಿನಕ್ಸ್ ಎಲ್ಲಾದರಾಗೂ ನಡೀತದ. ಅದ್ರಾಗಿನ ಸೆಸ್ನಾ 172ನ್ನ ಭಾಳ ಕಾಳಜಿಯಿಂದ ಮಾಡ್ಯಾರ; ಹಾರೂ ಮುಂಚೆ ಏನೇನು ನೋಡಬೇಕು ಅನ್ನೂ ಪಟ್ಟಿ, ಕಲಸೂ ಪಾಠ ಒಳಗ ಅವ. ನಿಮಗ ಬೇಕಾದ ಭೂಭಾಗ ಒಂದು ಸರ್ತೆ ಇಳಿಸಿಟ್ಟರ ನೆಟ್ ಇಲ್ಲದನೂ ಹಾರ್ತದ. ಚಿತ್ರ ಸಾದಾ. ಗಿಡ ನೋಡಿದ್ರ ಗಿಡ ಅಂತ ಗೊತ್ತಾಗ್ತದ, ಅಷ್ಟ. ಮಗನ ಆನ್‌ಲೈನ್ ಕ್ಲಾಸಿಗೆ ಅಂತ ತಗೊಂಡ ಹಳೇ ಲ್ಯಾಪ್‌ಟಾಪ್ ಇದ್ರ, ಚಿತ್ರದ ಗುಣಮಟ್ಟ ಇಳಿಸಿ ಇದನ್ನ ಮೊದಲು ಹಾಕಿ ನೋಡ್ರಿ.

ಎರಡನೇದ್ದು ಎಕ್ಸ್-ಪ್ಲೇನ್ 12. ಇದು ಆಸ್ಟಿನ್ ಮೇಯರ್ ಅನ್ನೂವರ ಸಣ್ಣ ಸಂಸ್ಥೆಯದ್ದು. ರೆಕ್ಕಿನ್ನ ಸಣ್ಣ ಸಣ್ಣ ತುಂಡು ಅಂತ ತಿಳಕೊಂಡು, ಒಂದೊಂದು ತುಂಡಿನ ಮ್ಯಾಲೆ ಗಾಳಿ ಎಷ್ಟು ಒತ್ತತದ ಅಂತ ಗಳಿಗಿ ಗಳಿಗಿಗೆ ಲೆಕ್ಕ ಹಾಕ್ತದ. ಅದಕ್ಕ ಕೈಗೆ ವಿಮಾನದ ಭಾರ ತಿಳೀತದ. ಇದಕ್ಕ ಬ್ಯಾರೆ ಗ್ರಾಫಿಕ್ಸ್ ಕಾರ್ಡ್ ಇರೂ ಯಂತ್ರ ಬೇಕು, ರೊಕ್ಕಾನೂ ಬೇಕು. ಆದ್ರ ಫುಕಟ್ ಡೆಮೊ ಅದ. ಸಣ್ಣ ಪ್ರದೇಶದಾಗ ಹಾರಿಸಿ ನೋಡಿ, ನಿಮ್ಮ ಯಂತ್ರಕ್ಕ ಒಗ್ಗಿದ್ರ ಅಷ್ಟ ತಗೋಬಹುದು. ಸೀರಿ ಅಂಗಡ್ಯಾಗ ಹೊದ್ದು ನೋಡದ ಸೀರಿ ತಗೋತೀವೇನು? ಇನ್ನ ನಮಗ ಅನುಕೂಲ ಏನಂದ್ರ, ಹಾಕೂ ಮುಂದ ಜಗತ್ತಿನ ನಕಾಶಿ ತೋರಿಸಿ ಯಾವ ಚೌಕ ಬೇಕು ಕೇಳ್ತದ. ದಕ್ಷಿಣ ಭಾರತದ ನಾಲ್ಕು ಚೌಕ ಆರಿಸಿಟ್ಟರ ಹುಬ್ಬಳ್ಳಿ, ಬೆಳಗಾವಿ ಸಾಂಬ್ರಾ, ಗೋವಾ ತನಕ ನಮ್ಮ ತಿರುಗಾಟ ನಮ್ಮ ಮನ್ಯಾಗ ಇರ್ತದ. ಅದರ ಸಂಸ್ಥೆಯಿಂದ ನೇರ ತಗೊಂಡದ್ದು ಅಪ್‌ಡೇಟ್ ಮಾಡು ಅಂತ ಬಾಗಲಾಗ ಅಡ್ಡ ನಿಂದ್ರೂದಿಲ್ಲ. ನಮಗ ಹೊತ್ತು ಸಿಕ್ಕ ದಿನ ಮಾಡ್ಕೋಬಹುದು.

ಮೈಕ್ರೋಸಾಫ್ಟ್‌ದ್ದು ಯಾರಿಗೂ ಬ್ಯಾಡ ಅಂತ ನಾ ಹೇಳೂದಿಲ್ಲ. ಮನ್ಯಾಗ ಗಟ್ಟಿ ಫೈಬರ್ ನೆಟ್ ಅದ, ಮಗ ಎಕ್ಸ್‌ಬಾಕ್ಸ್ ತಗೊಂಡಾನ, ಗೇಮ್ ಪಾಸ್ ಚಂದಾ ಹೆಂಗಿದ್ರೂ ಕಟ್ಟತಾನ ಅಂದ್ರ, ಅದ್ರಾಗ ಅದು ಬರ್ತದ, ಹಾಕ್ಕೋರಿ. ಮೊಣಕಾಲು ನೋವಿನಿಂದ ಮನಿ ಬಿಟ್ಟು ಹೋಗಲಾರದ ಮೌಶಿಗೆ ಹಿಮಾಲಯದ ಶಿಖರ ತೋರಸಬೇಕಂದ್ರ ಅದರಂಥಾದ್ದು ಬ್ಯಾರೆ ಇಲ್ಲ. ಹೊರಗ ಮಳಿ ಬರೂವಾಗ ಅದ್ರಾಗೂ ಅದೇ ಊರಿಗೆ ಮೋಡ ಕವೀತಾವ. ಹಾರಾಟದ ಲೆಕ್ಕಾನೂ ಅವರು ವರ್ಷದಿಂದ ವರ್ಷಕ್ಕ ಸುಧಾರಿಸ್ಯಾರ. ಚೆಂದ ಖರೇನ ಚೆಂದ. ನನ್ನ ಜಗಳ ಅದರ ಜೋಡಿ ಅಲ್ಲ. ಅದೊಂದ ಅಳತಿಗೋಲು ಹಿಡದು ನಮ್ಮಂಥವರಿಗೆ ಉಪದೇಶ ಮಾಡೂರ ಜೋಡಿ.

ಇದೇ ಉಪದೇಶದವರು ಆಮ್ಯಾಲೆ ಸಾಮಾನಿನ ಪಟ್ಟಿ ಕೊಡ್ತಾರ. ಹಿಡಿಯೂ ಯೋಕ್, ಕಾಲಿಗೆ ರಡ್ಡರ್ ಪೆಡಲ್, ಎಂಜಿನ್‌ಗೆ ಥ್ರಾಟಲ್, ಮೂರು ಪರದೆ. ಸಿಮ್ಯುಲೇಟರ್ ಫುಕಟ್, ಸಾಮಾನು ಲಕ್ಷ! ಹೊಸ ಸೊಸಿಗೆ ಮೊದಲ ದಿನಾನ ನೂರು ಮಂದಿ ಅಡಗಿ ಪಾತ್ರೆ ತಂದು ಕೊಟ್ಟಂಗ. ನಮಗ ಬೇಕಾದದ್ದು ಒಂದು ಜಾಯ್‌ಸ್ಟಿಕ್. ಹಿಡಿಕಿನ್ನ ಎಡ-ಬಲ ತಿರುವಿದ್ರ ಬಾಲ ತಿರುಗೂ ತರಹದ್ದು ತಗೋರಿ, ಪೆಡಲ್ ಬೇಕಾಗೂದಿಲ್ಲ. ಬುಡದಾಗ ಒಂದು ಸಣ್ಣ ಥ್ರಾಟಲ್ ಕಡ್ಡಿ ಇದ್ರ ಮುಗೀತು. ಆಟ ಮುಗದ ಮ್ಯಾಲೆ ಕಪಾಟಿನ್ಯಾಗ ಇಡಬಹುದು. ಊಟದ ಟೇಬಲ್ ಊಟದ ಟೇಬಲ್ಲಾಗೇ ಉಳೀತದ. ಯೋಕ್ ಹಂಗಲ್ಲ. ಅದನ್ನ ಟೇಬಲ್ಲಿಗೆ ಬಿಗೀಬೇಕು, ಬಿಚ್ಚಬೇಕು. ಅದರಾಗ ಹತ್ತು ನಿಮಿಷ. ಮತ್ತ ನೋಡ್ರಿ, ಲೆಕ್ಕ ಗಡಿಯಾರಕ್ಕ ಬಂತು.

ಕಡೇ ಎದುರು ಮಾತು ಯಾವುದು ಅಂತ ನಿಮಗೆಲ್ಲಾ ಗೊತ್ತದ. "ಈ ವಯಸ್ಸಿನ್ಯಾಗ ಇದೇನು? ಖರೇ ವಿಮಾನ ಹಾರಸೂದಂತೂ ಇಲ್ಲ. ಉಪಯೋಗೇನು?" ಬಾಗಲದಾಗ ನಿಂತು ಕೇಳೂ ಕಾಕುಗಳಿಗೆ ನಾನು ಮೊದಲು ಸರಳಾ ಠಕ್ರಾಲ್ ಅವರ ಹೆಸರು ಹೇಳ್ತೀನಿ. 1936ರಾಗ, 21ನೇ ವಯಸ್ಸಿಗೆ, ಲಾಹೋರಿನ್ಯಾಗ, ಸೀರಿ ಉಟ್ಟುಕೊಂಡು ಜಿಪ್ಸಿ ಮಾತ್ ವಿಮಾನವನ್ನ ಒಬ್ಬಾಕಿನ ಹಾರಿಸಿದಾಕಿ. ಆವಾಗ ಆಕಿಗೆ ನಾಲ್ಕು ವರ್ಷದ ಮಗಳಿದ್ಲು. 2021ರ ಜನೇವರಿಯೊಳಗ ಸ್ಯಾನ್ ಫ್ರಾನ್ಸಿಸ್ಕೊದಿಂದ ಉತ್ತರ ಧ್ರುವದ ಮ್ಯಾಲಿಂದ ಸುಮಾರು 16,000 ಕಿಲೋಮೀಟರ್ ಹಾರಿ ನಮ್ಮ ಬೆಂಗಳೂರಿಗೆ ಬಂದ ಏರ್ ಇಂಡಿಯಾ ವಿಮಾನದ ಕಾಕ್‌ಪಿಟ್‌ನ್ಯಾಗ ಕೂತವರೆಲ್ಲಾ ಹೆಣ್ಮಕ್ಕಳು. ಕ್ಯಾಪ್ಟನ್ ಜೋಯಾ ಅಗರವಾಲ್ ಅದರ ಮುಂದಾಳು. ನಮ್ಮ ದೇಶದಾಗ ಹೆಣ್ಮಕ್ಕಳ ಪೈಲಟ್‌ರ ಪಾಲು ಜಗತ್ತಿನ ಸರಾಸರಿಗಿಂತ ಭಾಳ ಹೆಚ್ಚದ. ಹೆಣ್ಣಿಗೂ ವಿಮಾನಕ್ಕೂ ಏನು ಸಂಬಂಧ ಅಂತ ಕೇಳೂ ಕಾಲ ಮುಗದು ಹೋಗ್ಯದ.

ಆದ್ರ ನಾನು ಆ ಹೆಸರುಗಳ ಹಿಂದ ಅಡಗೂದಿಲ್ಲ. ನಾನು ಪೈಲಟ್ ಆಗೂದಿಲ್ಲ. ನನ್ನ ಅರ್ಧ ತಾಸಿನಿಂದ ಯಾರಿಗೂ ಏನೂ ಉಪಯೋಗ ಇಲ್ಲ. ಇರಬೇಕಂತ ಯಾಕ? ನಾವು ಮುಂಜಾನೆ ಅಂಗಳಕ್ಕ ರಂಗೋಲಿ ಹಾಕ್ತೀವಿ, ಮರುದಿನ ನಾವೇ ಸಾರಿಸಿ ಅಳಸ್ತೀವಿ. ಅದರ ಉಪಯೋಗೇನು ಅಂತ ಯಾರೂ ಕೇಳೂದಿಲ್ಲ, ಯಾಕಂದ್ರ ಅದು ಮನಿಗಾಗಿ ಅಂತ ತಿಳದಾರ. ಹೆಣ್ಮಕ್ಕಳು ತಮಗಾಗಿ ಏನರ ಮಾಡಿದಾಗ ಅಷ್ಟ ಉಪಯೋಗದ ಲೆಕ್ಕ ಹೊರಗ ಬರ್ತದ. ಮನಿಯವರು ಸಂಜಿ ಪೂರ್ತಿ ಕ್ರಿಕೆಟ್ ನೋಡಿದ್ರ ಆ ಲೆಕ್ಕದ ಪುಸ್ತಕ ಯಾರೂ ತಗಿಯೂದಿಲ್ಲ. ಅದಕ್ಕ ನಾನು "ಇದರಿಂದ ಬುದ್ಧಿ ಚುರುಕಾಗ್ತದ, ಮರೆವು ಬರೂದಿಲ್ಲ" ಅಂತ ಸಮಜಾಯಿಷಿ ಕೊಡೂಹಂಗಿಲ್ಲ. ನನಗ ಅಡ್ಡಗಾಳಿಯೊಳಗ ನೆಟ್ಟಗ ಇಳಸೂದು ಖುಷಿ ಕೊಡ್ತದ. ಕಾರಣ ಅಷ್ಟ.

ಶುರು ಮಾಡೂ ಮನಸಿದ್ದವರಿಗೆ ಒಂದು ಹಾದಿ ಹೇಳ್ತೀನಿ. ಮೊದಲ ಎರಡು ಮಧ್ಯಾಹ್ನ ಸಿಮ್ಯುಲೇಟರ್ ಹಾಕೂದು, ಜಾಯ್‌ಸ್ಟಿಕ್ ಹೊಂದಸೂದು ಅಷ್ಟ. ಹಾರೂ ಆಶಾ ಇಟ್ಟಗೋಬ್ಯಾಡ್ರಿ. ಮೂರನೇ ದಿನ ಸೆಸ್ನಾ ತಗೊಂಡು 3000 ಅಡಿ ಮ್ಯಾಲೆ ನೆಟ್ಟಗ ಹಾರೂದು, ಎಡ-ಬಲ ತಿರುಗೂದು. ಐದನೇ ದಿನದಿಂದ ಸರ್ಕಿಟ್. ಗಾಳಿ ಸೊನ್ನಿ ಇಡ್ರಿ, ಹಗಲು ಇಡ್ರಿ, ಒಂದ ರನ್‌ವೇ ಹಿಡೀರಿ, ಊರು ಬದಲಿ ಮಾಡಬ್ಯಾಡ್ರಿ. ಹತ್ತು ಸರ್ತೆ ನೆಟ್ಟಗ ಇಳದ ಮ್ಯಾಲೆ ಐದು ನಾಟ್ ಅಡ್ಡಗಾಳಿ ಹಾಕ್ರಿ. ಒಂದು ಸಣ್ಣ ವಹಿಯೊಳಗ ದಿನಾ ಎಷ್ಟು ಸರ್ತೆ ಇಳಿದ್ರಿ ಅಂತ ಬರೀರಿ. ಕಿರಾಣಿ ಲೆಕ್ಕದ ಹಿಂದಿನ ಹಾಳಿ ಆದ್ರೂ ನಡೀತದ. ಹೊಸ ಸಿಮ್ಯುಲೇಟರ್, ಹೊಸ ವಿಮಾನ, ಹೊಸ ಪರದೆ ಬೇಕೋ ಬ್ಯಾಡೋ ಅನ್ನೂದನ್ನ ಆ ವಹಿಯೊಳಗ ನೂರು ಅಂತ ಬರದ ದಿನ ಕೂತು ವಿಚಾರ ಮಾಡೂಣು. ಅದಕ್ಕೂ ಮೊದಲ ಯಾರರ ನಿಮ್ಮ ಮುಂದ ಮೋಡದ ಚಿತ್ರ ಹಿಡದ್ರ, "ಭಾಳ ಚೆಂದ ಅದ ನೋಡ್ರಿ, ನಿಮ್ಮ ಅಡ್ಡಗಾಳಿ ಲ್ಯಾಂಡಿಂಗ್ ಎಷ್ಟಾದವು?" ಅಂತ ಕೇಳ್ರಿ.